ಟೇಪು ಹಿಡಿಯಲು ಇನ್ನೊಬ್ಬರು

ಫೆಬ್ರವರಿ ೬

ಚೂಟಿ,

ನಿನ್ನ ಗಾಡಿಯ ಪೆಟ್ಟಿಗೆ ಮನೆಗೆ ತಲುಪಿದೆ ಎಂದು ಅಂಗಡಿಯವನು ಗಣಿಯ ಆಫೀಸಿಗೆ ಫೋನ್ ಮಾಡಿ ತಿಳಿಸಿದ. ಎರಡು ತಿಂಗಳು ಅವನ ತಲೆ ತಿಂದಾಗ ಬರದ ಗಾಡಿ, ನಾನು ಹೊರಟು ಮೂರು ದಿನವಾಗುವುದನ್ನೇ ಕಾಯುತ್ತಿತ್ತು ನೋಡು. ಹಲಗೆಗಳನ್ನು ನಾನು ಕೀಳಬೇಕು, ನೀನು ಪಕ್ಕದಲ್ಲಿ ಕುಣಿಯಬೇಕು ಎಂದೆಲ್ಲ ಅಂದುಕೊಂಡಿದ್ದೆ. ಆಯ್ತು ಬಿಡು.

ಕ್ವಾಡ್ ಅಂದರೆ ನಾಲ್ಕು ಚಕ್ರದ ಬೈಕು, ಅಷ್ಟೇ ಎಂದು ಚಿಕ್ಕಮ್ಮನಿಗೆ ಹೇಳು. ಅವಳು ಟ್ರ್ಯಾಕ್ಟರ್ ಬಂತು ಅಂದುಕೊಂಡಾಳು. ನಾನೂ ಅವಳೂ ಮದುವೆಯಾಗಿ ಎಂಟು ತಿಂಗಳಿಗೇ ಗ್ಯಾರೇಜು ಮುಚ್ಚಿ, ನಾನು ಇಷ್ಟು ದೂರ ಬಂದು ಕೂತೆ. ನಿಮ್ಮಿಬ್ಬರಿಗೆ ಒಬ್ಬರಿಗೊಬ್ಬರ ಪರಿಚಯ ಇನ್ನೂ ಸರಿಯಾಗಿ ಆಗಿಯೇ ಇಲ್ಲ. ಅವಳಿಗೆ ಹೊಲಿಗೆಯ ಕೆಲಸ ಕುತ್ತಿಗೆವರೆಗೆ ಇದೆ, ಗಾಡಿಯ ವಿಷಯಕ್ಕೆಲ್ಲ ತೊಂದರೆ ಕೊಡಬೇಡ.

ಗಾಡಿ ಹೊಸದು ನಿಜ. ಆದರೆ ಹೊಸ ಗಾಡಿ ರೇಸಿನ ಗಾಡಿಯಲ್ಲ. ಅಂಗಳದಲ್ಲಿ ಸುತ್ತು ಹೊಡೆಯುವ ಮಕ್ಕಳಿಗೆಂದು ಕಂಪನಿಯವರು ಅದನ್ನು ನಿಧಾನಕ್ಕೆ, ಮೆತ್ತಗೆ, ಇಕ್ಕಟ್ಟಾಗಿ ಮಾಡಿರುತ್ತಾರೆ. ನವೆಂಬರಿನ ಮಕ್ಕಳ ರೇಸಿಗೆ ಹಾಗೇ ಇಳಿಸಿದರೆ ಮೊದಲ ದಿಬ್ಬದಲ್ಲೇ ಮಗುಚಿಕೊಳ್ಳುತ್ತದೆ. ಅದನ್ನು ತಿದ್ದಬೇಕು. ಕೈ ನಿನ್ನದು, ಮಾತು ನನ್ನದು. ಇಲ್ಲಿರುವುದು ಒಂದೇ ಫೋನು. ಸ್ಪ್ಯಾನರ್ ಯಾವ ನಂಬರಿನದು ಎಂದು ಹೇಳುವಷ್ಟರಲ್ಲಿ ಹಿಂದೆ ನಿಂತವನು ಕೆಮ್ಮುತ್ತಾನೆ. ಆದ್ದರಿಂದ ಪತ್ರವೇ ಸರಿ. ವಾರಕ್ಕೊಮ್ಮೆ ಲಾರಿ ಬರುತ್ತದೆ, ಟಪಾಲು ಅದರಲ್ಲೇ.

ನವೆಂಬರಿಗೆ ನಾನು ಬರುತ್ತೇನೆ. ಹಗ್ಗದ ಒಳಗೆ, ಹೊರಡುವ ಗೇಟಿನ ಹತ್ತಿರ, ಒಂದು ಮಗುವಿನ ಜೊತೆ ಒಬ್ಬ ದೊಡ್ಡವರನ್ನಷ್ಟೇ ಬಿಡುತ್ತಾರೆ. ಆ ಒಬ್ಬ ನಾನು. ಈ ವರ್ಷದ ರಜೆಯನ್ನೆಲ್ಲ ಅದಕ್ಕೇ ಕೂಡಿಡುತ್ತಿದ್ದೇನೆ.

ಸದ್ಯಕ್ಕೆ ಚಾಲೂ ಮಾಡಬೇಡ. ಒಂದೊಂದೇ ಬೋಲ್ಟು ಬಿಗಿಯಾಗಿದೆಯೇ ನೋಡಿ, ನೋಡಿದ್ದಕ್ಕೆ ಬಿಳಿ ಬಣ್ಣದ ಚುಕ್ಕೆ ಇಡು.

ನಿನ್ನ ಅಪ್ಪ


ಫೆಬ್ರವರಿ ೨೭

ಅಪ್ಪಾ,

ಪೆಟ್ಟಿಗೆ ನಾನೊಬ್ಬಳೇ ಬಿಚ್ಚಿದೆ. ಕುಣಿಯಲಿಲ್ಲ. ಒಬ್ಬಳೇ ಕುಣಿದರೆ ಹುಚ್ಚು ಅಂತಾರೆ.

ಗಾಡಿ ಚೆನ್ನಾಗಿದೆ. ಕೆಂಪು. ಚುಕ್ಕೆ ಇಟ್ಟೂ ಇಟ್ಟೂ ಈಗ ಅದಕ್ಕೆ ಸಿಡುಬು ಬಂದ ಹಾಗಿದೆ. ನಾಲ್ಕು ಬೋಲ್ಟು ಸಡಿಲ ಇದ್ದವು. ಒಂದಂತೂ ಕೈಯಲ್ಲೇ ತಿರುಗುತ್ತಿತ್ತು. ಹೊಸ ಗಾಡಿ ಅಂತ ಹೇಗೆ ಮಾರುತ್ತಾರೆ ಇವರು?

ಇಲ್ಲಿ ಏನೂ ವಿಶೇಷ ಇಲ್ಲ. ಚಿಕ್ಕಮ್ಮ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಾರೆ, ನಾನು ಹಿಂದಿನ ಶೆಡ್ಡಿನಲ್ಲಿರುತ್ತೇನೆ. ಊಟದ ಹೊತ್ತಿಗೆ "ಉಪ್ಪು ಸಾಕಾ" ಅಂತಾರೆ. "ಸಾಕು" ಅಂತೀನಿ. ಆವತ್ತಿನ ಮಾತು ಅಲ್ಲಿಗೆ ಮುಗಿಯಿತು. ಕೆಟ್ಟವರಲ್ಲ. ನಾನು ಬಂದ ಕೂಡಲೇ ಕುರ್ಚಿಯ ಮೇಲಿನ ಬಟ್ಟೆಯೆಲ್ಲ ಎತ್ತಿಡುತ್ತಾರೆ, ಮನೆಗೆ ನೆಂಟರು ಬಂದಾಗ ಮಾಡುತ್ತಾರಲ್ಲ, ಹಾಗೆ.

ಶಾಲೆಯಲ್ಲಿ "ನಿಮ್ಮಪ್ಪ ಎಲ್ಲಿ" ಅಂದರೆ "ಭೂಮಿ ಒಳಗೆ" ಅಂತೀನಿ. ಪಾಪ ಅಂದುಕೊಂಡು ಸುಮ್ಮನಾಗುತ್ತಾರೆ. ನಾನೂ ಬಿಡಿಸಿ ಹೇಳಲು ಹೋಗಿಲ್ಲ.

ಮುಂದೇನು ಮಾಡಲಿ?

ಚೂಟಿ


ಮಾರ್ಚ್ ೧೮

ಚೂಟಿ,

ಬದುಕಿರುವ ಅಪ್ಪನನ್ನು ಮಣ್ಣು ಮಾಡಿಬಿಟ್ಟೆಯಲ್ಲೇ. ನಾಳೆಯೇ ಬಿಡಿಸಿ ಹೇಳು. ಗಣಿ ಎಂದು ಹೇಳು.

ಈಗ ಕೆಲಸ. ಹೆಬ್ಬೆರಳಲ್ಲಿ ಒತ್ತುವ ಎಕ್ಸಿಲರೇಟರಿನ ಡಬ್ಬಿಯಲ್ಲಿ ಒಂದು ಸಣ್ಣ ಸ್ಕ್ರೂ ಇದೆ. ನೀನು ಎಷ್ಟೇ ಒತ್ತಿದರೂ ಗಾಡಿ ಓಡದ ಹಾಗೆ ಕಂಪನಿಯವರು ಕೂರಿಸಿದ ಕಾವಲುಗಾರ ಅದು. ಅದನ್ನು ಪೂರ್ತಿ ಹಿಂದಕ್ಕೆ ತಿರುಗಿಸು. ಸೈಲೆನ್ಸರಿನ ಬಾಯೊಳಗೆ ತೂತಿರುವ ಒಂದು ಬಿಲ್ಲೆ ಇರುತ್ತದೆ, ಅದನ್ನೂ ತೆಗೆ. ಕಾಲು ಜಾರಿ ಹಿಂದಿನ ಚಕ್ರಕ್ಕೆ ಸಿಗದಿರಲು ಎರಡೂ ಬದಿಗೆ ಬಲೆಯ ಚೌಕಟ್ಟು ಬರುತ್ತದೆ. ಅಂಗಡಿಯವನು ಕೊಡುತ್ತಾನೆ, ಹೇಳಿದ್ದೇನೆ. ಆಮೇಲೆ ಮಣಿಕಟ್ಟಿನ ದಾರ. ಒಂದು ತುದಿ ನಿನ್ನ ಕೈಗೆ, ಇನ್ನೊಂದು ಸ್ವಿಚ್ಚಿಗೆ. ನೀನು ಬಿದ್ದರೆ ದಾರ ಕಿತ್ತು ಎಂಜಿನ್ ನಿಲ್ಲುತ್ತದೆ. ದಾರ ಕಟ್ಟದೆ ಚಾಲೂ ಮಾಡಿದ್ದು ಗೊತ್ತಾದರೆ ಇಲ್ಲಿಂದಲೇ ಕಿವಿ ಹಿಂಡುತ್ತೇನೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸ್ಪ್ರಿಂಗು. ನಿನ್ನ ಭಾರಕ್ಕೆ ಗಾಡಿ ಎಷ್ಟು ತಗ್ಗುತ್ತದೆ ಎಂದು ನನಗೆ ಗೊತ್ತಾಗಬೇಕು. ಗಾಡಿಯನ್ನು ಮಣೆಯ ಮೇಲೆ ಏರಿಸಿ, ಚಕ್ರಗಳು ಜೋತಾಡುವಾಗ ಒಂದು ಅಳತೆ ತೆಗೆ. ಕೆಳಗಿಳಿಸಿ, ಹೆಲ್ಮೆಟ್ಟು, ಬೂಟು ಎಲ್ಲ ಹಾಕಿಕೊಂಡು ಕಾಲುಪಟ್ಟಿಯ ಮೇಲೆ ನಿಂತು, ಹ್ಯಾಂಡಲ್ ಹಿಡಿದಾಗ ಇನ್ನೊಂದು ಅಳತೆ. ಎರಡಕ್ಕೂ ಇರುವ ವ್ಯತ್ಯಾಸವೇ ಇಳಿತ. ಮುಂದಿನ ಚಕ್ರದ್ದು ಬೇರೆ, ಹಿಂದಿನದು ಬೇರೆ. ಬರೆದು ಕಳಿಸು. ಎಷ್ಟು ಬಿಗಿ ಮಾಡಬೇಕು ಎಂದು ಹೇಳುತ್ತೇನೆ.

ಇಲ್ಲಿ ತಗಡಿನ ಕೋಣೆ, ಎರಡು ಮಂಚ. ಪಕ್ಕದ ಮಂಚದವನು ಕ್ರೇನ್ ಓಡಿಸುತ್ತಾನೆ. ನಾನು ಬರುವಾಗ ಅವನು ಹೊರಡುತ್ತಾನೆ, ಅವನು ಬರುವಾಗ ನಾನು. ಒಂದೂವರೆ ತಿಂಗಳಾಯಿತು, ಅವನು ಎಚ್ಚರವಾಗಿದ್ದಾಗ ಹೇಗೆ ಕಾಣುತ್ತಾನೆ ಎಂದು ನನಗೆ ಗೊತ್ತಿಲ್ಲ.

ನಿನ್ನ ಅಪ್ಪ


ಏಪ್ರಿಲ್ ೯

ಅಪ್ಪಾ,

ಸ್ಕ್ರೂ ತಿರುಗಿಸಿದೆ. ಬಿಲ್ಲೆ ತೆಗೆದೆ. ಬಲೆ ಹಾಕಿದೆ. ದಾರ ಕಟ್ಟಿಕೊಂಡೇ ಚಾಲೂ ಮಾಡಿದೆ. ಸದ್ದು ಕೇಳಿದರೆ ನೀನು ಖುಷಿಪಡುತ್ತೀಯ. ಪಕ್ಕದ ಮನೆಯವರು ಪಡಲಿಲ್ಲ.

ಇಳಿತ: ಹಿಂದೆ ಒಂಬತ್ತು ಸೆಂಟಿಮೀಟರ್, ಮುಂದೆ ಸೊನ್ನೆ.

ಗಣಿ ಅಂತ ಹೇಳಿದೆ. ಈಗ ಚಿನ್ನದ್ದಾ ಅಂತ ಕೇಳುತ್ತಾರೆ.

ಚೂಟಿ


ಮೇ ೨

ಚೂಟಿ,

ಮುಂದೆ ಸೊನ್ನೆ ಎಂಬುದನ್ನು ಮೂರು ಸಲ ಓದಿದೆ. ಗಾಡಿಯ ಮೇಲೆ ಮನುಷ್ಯರಿದ್ದರೆ ಮುಂದೆ ಸೊನ್ನೆ ಬರಲು ಸಾಧ್ಯವೇ ಇಲ್ಲ ಮಗಳೇ. ಹ್ಯಾಂಡಲ್ ಹಿಡಿದು ನಿಂತವರ ಭಾರ ಒಂದಿಷ್ಟಾದರೂ ಮುಂದಕ್ಕೆ ಬೀಳಲೇಬೇಕು. ಸೊನ್ನೆ ಬಂದಿದೆ ಎಂದರೆ ಗಾಡಿಯ ಮೇಲಿದ್ದದ್ದಕ್ಕೆ ಕೈಗಳೇ ಇರಲಿಲ್ಲ. ಏನಿಟ್ಟಿದ್ದೆ ಸೀಟಿನ ಮೇಲೆ? ಮರಳಿನ ಚೀಲ ತಾನೇ? ನನ್ನ ಹತ್ತಿರ ಕಾಗೆ ಹಾರಿಸಬೇಡ.

ಬೈಯಬೇಕೆಂದು ಪೆನ್ನು ಹಿಡಿದೆ. ಆಮೇಲೆ ಹೊಳೆಯಿತು. ಗಾಡಿಯ ಮೇಲೆ ನಿಂತವಳು ಕೆಳಗೆ ಬಗ್ಗಿ ಟೇಪು ಹಿಡಿಯುವುದು ಹೇಗೆ? ಗ್ಯಾರೇಜಿನಲ್ಲಿ ಯಾವತ್ತೂ ನೀನು ಗಾಡಿಯ ಮೇಲೆ, ನಾನು ನೆಲದ ಮೇಲೆ. ಇಬ್ಬರು ಮಾಡುವ ಕೆಲಸವನ್ನು ಒಬ್ಬಳಿಗೆ ಬರೆದುಬಿಟ್ಟಿದ್ದೇನೆ. ನೀನು ಯಾರನ್ನೂ ಕರೆಯದೆ, ಆ ಚೀಲವನ್ನು ಹೊತ್ತು ತಂದು, ನಿನ್ನ ಬದಲಿಗೆ ಕೂರಿಸಿ, ಅಳೆದಿದ್ದೀಯ.

ಚಿಕ್ಕಮ್ಮನನ್ನು ಕೇಳು. ತೊಂದರೆ ಕೊಡಬೇಡ ಎಂದವನು ನಾನೇ, ಈಗ ಕೇಳು ಎನ್ನುತ್ತಿರುವವನೂ ನಾನೇ. ಅವಳೇನು ಹುಲಿಯಲ್ಲ.

ನನಗೂ ಕೇಳಲು ಬರುವುದಿಲ್ಲ ಅನ್ನು. ಹೋದ ವಾರ ಬೆನ್ನು ಹಿಡಿದುಕೊಂಡಿತ್ತು. ಮುಲಾಮು ಹಚ್ಚಿಕೊಳ್ಳಲು ಕೈ ಎಟುಕಲಿಲ್ಲ. ಕ್ರೇನಿನವನನ್ನು ಎಬ್ಬಿಸಲು ನಾಚಿಕೆ. ಕೊನೆಗೆ ಮುಲಾಮನ್ನು ಗೋಡೆಗೆ ಬಳಿದು, ಬೆನ್ನನ್ನು ಗೋಡೆಗೆ ಉಜ್ಜಿದೆ. ನಗಬೇಡ. ಗೋಡೆಯ ನೋವು ಹೋಗಿರಬಹುದು, ನನ್ನದು ಹೋಗಲಿಲ್ಲ.

ನಿನ್ನ ಅಪ್ಪ


ಜೂನ್ ೧

ಅಪ್ಪಾ,

ಚೀಲದ್ದೇ. ಸರಿ.

ನೀನು ಕೇಳು ಅಂದರೂ ನಾನು ಕೇಳುವವಳಿರಲಿಲ್ಲ. ಬೇರೆ ಉಪಾಯ ಮಾಡಿದ್ದೆ. ಟೇಪನ್ನು ಗಾಡಿಗೆ ಅಂಟಿಸಿ, ನೆಲದ ಮೇಲೆ ಕನ್ನಡಿ ಇಟ್ಟು, ಮೇಲಿನಿಂದಲೇ ಕನ್ನಡಿಯಲ್ಲಿ ಓದೋಣ ಅಂತ. ಕನ್ನಡಿಯಲ್ಲಿ ಅಂಕಿ ಉಲ್ಟಾ ಕಾಣುತ್ತೆ ಅಂತ ಮರೆತಿದ್ದೆ. ಅದನ್ನು ಬಗ್ಗಿ ನೋಡುವಾಗ ಗಾಡಿ ಮುಂದಕ್ಕೆ ಉರುಳಿತು, ಚಕ್ರ ಶೆಡ್ಡಿನ ಕಟ್ಟೆಯಿಂದ ಜಾರಿ ಮಗುಚಿಕೊಂಡಿತು, ನನ್ನ ಕಾಲು ಅದರ ಅಡಿಯಲ್ಲಿ ಸಿಕ್ಕಿಕೊಂಡಿತು. ಗಾಬರಿಯಾಗಬೇಡ, ಮುರಿದಿಲ್ಲ, ನೀಲಿಯಾಗಿದೆ ಅಷ್ಟೇ.

ನಾನು ಕೂಗಲಿಲ್ಲ. ಆದರೆ ಮಿಷನ್ನಿನ ಸದ್ದು ನಿಂತಿತು. ನೀನು ಹೋದಾಗಿನಿಂದ ಹಗಲು ಹೊತ್ತು ಅದು ನಿಂತದ್ದೇ ಇಲ್ಲ. ಚಿಕ್ಕಮ್ಮ ಓಡಿ ಬಂದರು, ಕುತ್ತಿಗೆಯಲ್ಲಿ ಟೇಪು, ಬಾಯಲ್ಲಿ ದಾರ. ಗಾಡಿಯನ್ನು ಒಂದೇ ಸಲಕ್ಕೆ ಎತ್ತಿದರು. ಇರುವುದು ಅಷ್ಟು ಸಣ್ಣಗೆ, ಎಲ್ಲಿತ್ತೋ ಆ ಶಕ್ತಿ.

"ಕೂಗೋಕೆ ಬಾಯಿಲ್ವಾ ನಿಂಗೆ?" ಅಂದರು.

"ನಿಮಗೆ ಕೆಲಸ ಇತ್ತಲ್ಲ."

"ಯಾರು ಹೇಳಿದ್ದು?"

"ಅಪ್ಪ."

ಆಮೇಲೆ ನನ್ನ ಕಾಲು ಒತ್ತಿ ನೋಡಿ, ಐಸ್ ತಂದು ಇಟ್ಟು, "ಈ ಕನ್ನಡಿ ಯಾಕೆ ಇಲ್ಲಿದೆ" ಅಂದರು. ಹೇಳಿದೆ. ಪೂರ್ತಿ ಹೇಳಿದೆ, ಚೀಲದ್ದು ಕೂಡ. ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಕಣ್ಣು ಒರೆಸಿಕೊಂಡರು, ಧೂಳು ಅಂದರು.

ಮೂರು ದಿನ ಬಿಟ್ಟು, ಕಾಲು ನೆಟ್ಟಗಾದ ಮೇಲೆ, ಅವರೇ ಬಂದು ನೆಲದ ಮೇಲೆ ಕೂತರು. "ಹತ್ತು" ಅಂದರು. ಹತ್ತಿ ನಿಂತೆ. "ಮೈ ಬಿಗಿ ಹಿಡೀಬೇಡ. ಅಳತೆ ಕೊಡೋವಾಗ ಎಲ್ಲರೂ ಹೊಟ್ಟೆ ಒಳಗೆ ಎಳ್ಕೊಳ್ತಾರೆ, ಆಮೇಲೆ ಬಟ್ಟೆ ಬಿಗಿ ಅಂತ ನನ್ನ ಜೊತೆ ಜಗಳಕ್ಕೆ ಬರ್ತಾರೆ. ಇರೋ ಹಾಗೇ ಇರು." ಹಿಂದೆ ಮೂರೂವರೆ ಇಂಚು, ಮುಂದೆ ಎರಡು. ಚಿಕ್ಕಮ್ಮನಿಗೆ ಇಂಚೇ ಬರುವುದು, ನೀನೇ ಲೆಕ್ಕ ಹಾಕಿಕೋ.

ಟೇಪು ಹೇಗೂ ಹೊರಗೆ ತೆಗೆದಿದೆ ಅಂತ ನನ್ನ ಭುಜ, ತೋಳು, ಕಾಲಿನ ಅಳತೆಯೂ ತೆಗೆದುಕೊಂಡರು. ಮೊಣಕೈಗೆ ಮೆತ್ತೆ ಇಟ್ಟು ರೇಸಿನ ಅಂಗಿ ಹೊಲಿಯುತ್ತಾರಂತೆ.

ಚೂಟಿ


ಜೂನ್ ೨೫

ಚೂಟಿ,

ಕಾಲಿನ ವಿಷಯ ಮೊದಲೇ ಬರೆಯಬಾರದಿತ್ತೇ, ಪತ್ರದ ನಡುವೆ ತುರುಕಿದ್ದೀಯ.

ಅಳತೆ ಸರಿಯಾಗಿದೆ. ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ, ಇದು ಮನುಷ್ಯರು ನಿಂತು, ಮನುಷ್ಯರು ಹಿಡಿದು ತೆಗೆದ ಅಳತೆ. ಹಿಂದಿನ ಸ್ಪ್ರಿಂಗಿನ ಬಳೆಯನ್ನು ನಾಲ್ಕು ಸುತ್ತು ಬಿಗಿ ಮಾಡು, ಮುಂದಿನವನ್ನು ಎರಡೆರಡು. ಮತ್ತೆ ಅಳೆಯಿರಿ. ಟೈರಿಗೆ ಗಾಳಿ ಕಡಿಮೆ ಇರಲಿ, ಹೆಬ್ಬೆರಳಿಂದ ಒತ್ತಿದರೆ ತುಸು ಒಳಹೋಗಬೇಕು. ಚಿಕ್ಕಮ್ಮನಿಗೂ ಹೇಳು.

ಇನ್ನು ಉಳಿದದ್ದು ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಅಚ್ಚು. ಈಗಿರುವುದು ಗಿಡ್ಡ, ಅದಕ್ಕೇ ತಿರುವಿನಲ್ಲಿ ಗಾಡಿ ಒಂದು ಬದಿಗೆ ಏಳುತ್ತದೆ. ಉದ್ದನೆಯ ಅಚ್ಚು ಅಂಗಡಿಗೆ ಬಂದಿದೆ. ತಂದಿಟ್ಟುಕೊಳ್ಳಿ, ಆದರೆ ಮುಟ್ಟಬೇಡಿ. ಬೇರಿಂಗ್ ಕೂರಿಸುವುದು ಸೂಕ್ಷ್ಮದ ಕೆಲಸ. ಒಂದು ಕೂದಲೆಳೆ ಓರೆಯಾದರೂ ಕೆಟ್ಟಿತು. ಅದನ್ನು ನಾನು ಬಂದು ಮಾಡುತ್ತೇನೆ. ಅದೊಂದನ್ನು ನನಗೆ ಬಿಡಿ.

ರಜೆಗೆ ಅರ್ಜಿ ಕೊಟ್ಟಿದ್ದೇನೆ. ಸಾಹೇಬರು ಗೊಣಗಿದರು, ಆದರೆ ಇಲ್ಲ ಎನ್ನಲಿಲ್ಲ. ಇಲ್ಲಿ ನಾನು ರಿಪೇರಿ ಮಾಡುವ ಡಂಪರ್ ಲಾರಿಯ ಟೈರು ನನ್ನ ತಲೆಗಿಂತ ಎತ್ತರ. ಅದರ ಪಕ್ಕ ನಿಂತು ನಿನ್ನ ಗಾಡಿಯ ಅಂಗೈಯಗಲದ ಟೈರಿನ ಯೋಚನೆ ಮಾಡುತ್ತೇನೆ.

ನಿನ್ನ ಅಪ್ಪ


ಆಗಸ್ಟ್ ೧೦

ಅಪ್ಪಾ,

ಪರೀಕ್ಷೆ ಇತ್ತು, ಅಭ್ಯಾಸವೂ ಇತ್ತು, ಅದಕ್ಕೇ ತಡ.

ಅಚ್ಚು ಹಾಕಿಬಿಟ್ಟೆವು. ಬೈಯಬೇಡ. ನವೆಂಬರಿನವರೆಗೆ ಕಾದರೆ ನಾನು ಅದರ ಮೇಲೆ ಓಡಿಸಲು ಕಲಿಯುವುದು ಯಾವಾಗ? ಬೇರಿಂಗ್ ಒಳಗೆ ಹೋಗದೆ ಸತಾಯಿಸಿತು. ಚಿಕ್ಕಮ್ಮ ಅದರ ಗೂಡನ್ನು ಮುಟ್ಟಿ ನೋಡಿ, "ಬಿಸಿ ಮಾಡಿದ್ರೆ ಹಿಗ್ಗಲ್ವಾ ಇದು" ಅಂದಳು. ಇಸ್ತ್ರಿ ಪೆಟ್ಟಿಗೆ ಕಾಯಿಸಿ ಅದರ ಮೇಲೆ ಇಟ್ಟಳು. ಸ್ವಲ್ಪ ಹೊತ್ತಿಗೆ ಬೇರಿಂಗ್ ತಾನೇ ಒಳಗೆ ಇಳಿಯಿತು, ಟಕ್ ಅಂತ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಸ್ತ್ರಿ ಪೆಟ್ಟಿಗೆ ಮಾತ್ರ ಗಲೀಜಾಯಿತು, ಯಾರದೋ ಬಿಳಿ ಅಂಗಿಗೆ ಗ್ರೀಸ್ ಹತ್ತಿ ಅವರ ಹತ್ತಿರ ಚಿಕ್ಕಮ್ಮ ಬೈಸಿಕೊಂಡಳು.

ಈಗ ತಿರುವಿನಲ್ಲಿ ಗಾಡಿ ಏಳುವುದಿಲ್ಲ. ಎರಡು ಸಲ ಬಿದ್ದೆ, ದಾರ ಕೆಲಸ ಮಾಡಿತು.

ಈಗ ಹೊರಡಬೇಕು, ಚಿಕ್ಕಮ್ಮ ಕೂಗುತ್ತಿದ್ದಾಳೆ.

ಚೂಟಿ


ಸೆಪ್ಟೆಂಬರ್ ೫

ಚೂಟಿ,

ಅದೊಂದನ್ನು ನನಗೆ ಬಿಡಿ ಎಂದಿದ್ದೆ. ಹೋಗಲಿ. ಬೇರಿಂಗ್ ಸರಿಯಾಗಿ ಕೂತಿದೆಯೇ ಎಂದು ಚಕ್ರ ಎತ್ತಿ ತಿರುಗಿಸಿ ನೋಡು, ಕರಕರ ಎಂದರೆ ಮತ್ತೆ ಬಿಚ್ಚಬೇಕು. ಅನ್ನುವುದಿಲ್ಲ ಎಂದು ಗೊತ್ತು. ಇಲ್ಲೂ ಬಿಸಿ ಮಾಡಿಯೇ ಕೂರಿಸುವುದು. ಇಸ್ತ್ರಿ ಪೆಟ್ಟಿಗೆಯ ಕಥೆಯನ್ನು ಊಟದ ಮನೆಯಲ್ಲಿ ಹೇಳಿದೆ. ಯಾರೂ ನಗಲಿಲ್ಲ. ನಾನು ಹೇಳಿದ್ದು ಸರಿಯಿರಲಿಲ್ಲವೋ, ನಿಮ್ಮನ್ನು ನೋಡದವರಿಗೆ ಅದರಲ್ಲಿ ನಗು ಕಾಣುವುದಿಲ್ಲವೋ.

ಚೈನು ಎಷ್ಟು ಸಡಿಲವಿದೆ? ಬ್ರೇಕಿನ ಹಿಡಿ ನಿನ್ನ ಬೆರಳಿಗೆ ಎಟುಕುತ್ತದೆಯೇ? ಗಾಳಿಯ ಫಿಲ್ಟರಿಗೆ ಎಣ್ಣೆ ಹಚ್ಚಿದೆಯಾ? ಇದನ್ನೆಲ್ಲ ನೀನು ಬರೆಯುವುದೇ ಇಲ್ಲ. ಈಚೆಗೆ ನಿನ್ನ ಪತ್ರ ಅಂಗೈಯಗಲ ಬರುತ್ತದೆ. ಲಾರಿ ಬಂದ ದಿನ ನಾನು ಡ್ರೈವರಿನ ಹಿಂದೆ ಹಿಂದೆ ಸುತ್ತುತ್ತೇನೆ. "ನಿಂದೇನಿಲ್ಲಪ್ಪ" ಎಂದು ಅವನಿಗೂ ಹೇಳಿ ಹೇಳಿ ಬೇಸರ ಬಂದಿದೆ.

ರಜೆ ಮಂಜೂರಾಯಿತು. ರೈಲಿನ ಟಿಕೆಟ್ಟೂ ತೆಗೆಸಿದ್ದೇನೆ, ರೇಸಿನ ಹಿಂದಿನ ದಿನ ಬೆಳಿಗ್ಗೆ ಮನೆಯಲ್ಲಿರುತ್ತೇನೆ. ಗೇಟಿನ ಹತ್ತಿರ ನಿನ್ನ ಹೆಲ್ಮೆಟ್ಟಿನ ಪಟ್ಟಿ ನಾನೇ ಬಿಗಿಯಬೇಕು. ದಿನಕ್ಕೆ ಒಂದು ಸಲವಾದರೂ ಅದನ್ನು ನೆನೆಸಿಕೊಳ್ಳುತ್ತೇನೆ.

ನಿನ್ನ ಅಪ್ಪ


ಅಕ್ಟೋಬರ್ ೩

ಅಪ್ಪಾ,

ಚೈನು ಸರಿ ಇದೆ. ಬ್ರೇಕು ಎಟುಕುತ್ತೆ. ಫಿಲ್ಟರಿಗೆ ಎಣ್ಣೆ ಹಚ್ಚಿದ್ದೇನೆ.

ರೇಸಿನವರು ಜೊತೆಗೆ ಬರುವವರ ಹೆಸರು ಕೇಳಿದರು, ಒಮ್ಮೆ ಕೊಟ್ಟರೆ ಬದಲಾಯಿಸಲು ಬರುವುದಿಲ್ಲ. ಚಿಕ್ಕಮ್ಮನ ಹೆಸರು ಕೊಟ್ಟಿದ್ದೇನೆ. ನೀನು ಬಾ. ಎರಡನೆಯ ತಿರುವಿನ ಹತ್ತಿರ ಬೇಲಿ ಇದೆ, ಅಲ್ಲಿ ನಿಲ್ಲು. ಅಲ್ಲಿಂದ ಎಲ್ಲ ಚೆನ್ನಾಗಿ ಕಾಣುತ್ತೆ. ನನಗೂ ನೀನು ಕಾಣುತ್ತೀಯ.

ಬೇಜಾರು ಮಾಡಿಕೊಳ್ಳಬೇಡ.

ಚೂಟಿ


ಅಕ್ಟೋಬರ್ ೧೯

ಚೂಟಿ,

ಇಲ್ಲಿ ಎರಡು ಡಂಪರುಗಳ ಎಂಜಿನ್ ಒಟ್ಟಿಗೆ ಕೈಕೊಟ್ಟಿವೆ. ಎಲ್ಲರ ರಜೆಯನ್ನೂ ರದ್ದು ಮಾಡಿದ್ದಾರೆ, ನನ್ನದೂ ಹೋಯಿತು. ಏನು ಮಾಡುವುದು, ಹೊಟ್ಟೆಪಾಡು.

ಹೇಗೂ ನಿನಗೆ ಅಲ್ಲಿ ಜನ ಇದ್ದಾರೆ. ಹುಷಾರಾಗಿ ಓಡಿಸು.

ಅಪ್ಪ


ನವೆಂಬರ್ ೧೬

ಚೂಟಿಯ ಅಪ್ಪನಿಗೆ,

ನನ್ನ ಕೈಬರಹ ನೀವು ನೋಡಿಲ್ಲ. ನೋಡಿಕೊಳ್ಳಿ, ಇದೇ. ಹತ್ತು ತಿಂಗಳಲ್ಲಿ ನೀವೂ ನನಗೊಂದು ಪತ್ರ ಬರೆಯಲಿಲ್ಲ. ಬೋಲ್ಟಿಗೆ ಬರೆದಿರಿ, ಸ್ಪ್ರಿಂಗಿಗೆ ಬರೆದಿರಿ. "ಚಿಕ್ಕಮ್ಮನಿಗೂ ಹೇಳು" ಎಂಬುದಷ್ಟೇ ನನ್ನ ಪಾಲು. ಅದನ್ನೂ ಅವಳು ಓದಿ ಹೇಳುತ್ತಿದ್ದಳು, ನಾನು ಕೇಳಿಸಿಕೊಳ್ಳುತ್ತಿದ್ದೆ. ನಾನು ಈ ಮನೆಗೆ ಬಂದ ಎಂಟು ತಿಂಗಳಿಗೆ ನೀವು ಹೊರಟಿರಿ. ನಿಮ್ಮ ಮಗಳಿಗೆ ನನ್ನನ್ನು ಕಂಡರಾಗದು ಎಂದುಕೊಂಡು ನಾನು ಮುಂದಿನ ಕೋಣೆಯಲ್ಲಿ, ನನಗೆ ತೊಂದರೆ ಕೊಡಬಾರದು ಎಂದುಕೊಂಡು ಅವಳು ಹಿಂದಿನ ಶೆಡ್ಡಿನಲ್ಲಿ. ನೀವು ಒಂದು ಮಾತು ಹೇಳಿ ಹೋಗಿದ್ದರೆ ಅಷ್ಟು ದಿನ ಹಾಳಾಗುತ್ತಿರಲಿಲ್ಲ.

ರೇಸು ಮುಗಿಯಿತು. ಅವಳಿಗೆ ಪೆಟ್ಟಾಗಿಲ್ಲ, ಮೊದಲು ಅದು ತಿಳಿಯಲಿ. ಏಳನೆಯವಳಾಗಿ ಬಂದಳು. ಆದರೆ ನಾನು ಬರೆಯಲು ಕೂತದ್ದು ಅದಕ್ಕಲ್ಲ.

ಹೆಸರು ಕೊಡುವ ದಿನ ನಾನು ಅವಳಿಗೆ ಹೇಳಿದ್ದೆ, "ನಿಮ್ಮಪ್ಪನ ಹೆಸರೇ ಕೊಡು, ನಾನು ಬೇಲಿ ಹತ್ರ ನಿಲ್ತೀನಿ" ಎಂದು.

"ಅಪ್ಪ ಬರದೇ ಹೋದ್ರೆ?" ಎಂದಳು.

"ಬರ್ತೀನಿ ಅಂದಿದಾರಲ್ಲೇ, ಟಿಕೆಟ್ಟೂ ತೆಗೆಸಿದಾರಂತೆ."

"ಅಂದಿದಾನೆ. ಜೊತೆಗೆ ಇರೋರು ಇಲ್ಲ ಅಂದ್ರೆ ನನ್ನ ಗೇಟಿಗೇ ಬಿಡಲ್ಲ ಚಿಕ್ಕಮ್ಮ. ನೀನಾದ್ರೆ ಇಲ್ಲೇ ಇರ್ತೀಯ. ಇದನ್ನ ಅಪ್ಪಂಗೆ ಹೇಳಬೇಡ, ಸುಮ್ನೆ ನೊಂದ್ಕೋತಾನೆ."

ನಾನು ಅವಳ ಜೊತೆ ಜಗಳವಾಡಿದೆ. ಅಪ್ಪನನ್ನು ಇಷ್ಟು ಹಗುರವಾಗಿ ಲೆಕ್ಕ ಹಾಕಬಾರದು, ಅವರು ಬಂದೇ ಬರುತ್ತಾರೆ, ನೋಡುತ್ತಿರು ಎಂದೆ. ಆಮೇಲೆ ನಿಮ್ಮ ಪತ್ರ ಬಂತು. ಅವಳು ಓದಿ ಮಡಿಸಿಟ್ಟು, "ನೋಡಿದ್ಯಾ" ಎಂದು ಕೂಡ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿರುತ್ತಿತ್ತು.

ರೇಸಿಗೆ ಒಂದು ವಾರ ಇರುವಾಗ ನಿಮ್ಮ ಆಫೀಸಿಗೆ ಫೋನ್ ಮಾಡಿದೆ. ಎರಡೇ ದಿನ ಬಿಟ್ಟುಕೊಡಿ ಎಂದು ಸಾಹೇಬರ ಕಾಲು ನಾನೇ ಹಿಡಿಯೋಣ ಎಂದು. ಗುಮಾಸ್ತ, "ರಜೆ ಕೊಟ್ಟಿದ್ವಲ್ಲಮ್ಮ, ಅವರೇ ಬೇಡ ಅಂತ ವಾಪಸ್ ಮಾಡಿದ್ರು" ಎಂದ. ನಿಮ್ಮಿಂದ ಫೋನ್ ಮಾಡಿಸಲು ಹೇಳಿದೆ. ಹೇಳಿದ್ದಾನೆ ಎಂದು ನನಗೆ ಗೊತ್ತು. ನೀವು ಮಾಡಲಿಲ್ಲ.

ಮುನಿಸಾ? ಹನ್ನೆರಡು ವರ್ಷದ ಹುಡುಗಿಯ ಮೇಲೆ? ತಲೆ ನೆರೆತ ಗಂಡಸಿಗೆ ಇದು ಹೇಳಿಸಿದ್ದಲ್ಲ. ನೀವು ಹಗ್ಗದ ಒಳಗೆ ನಿಂತರೆ ಅಪ್ಪ, ಹೊರಗೆ ನಿಂತರೆ ಯಾರೋ, ಹಾಗೆ ಅವಳೇನಾದರೂ ಹೇಳಿದ್ದಳೇ?

ರೇಸಿನ ದಿನದ್ದು ಕೇಳಿ. ಗಾಡಿಗಳನ್ನು ತಡೆದಿದ್ದ ಗೇಟು ಕೆಳಗೆ ಬಿದ್ದಾಗ ಮೂರನೆಯವಳಾಗಿ ಹೊರಟಳು. ಆ ಗಾಡಿ ಚಿಮ್ಮಿದ್ದು ನೋಡಬೇಕಿತ್ತು ನೀವು. ಎರಡನೆಯ ತಿರುವಿಗೆ ಬಂದಾಗ ತಲೆ ಬೇಲಿಯ ಕಡೆ ತಿರುಗಿತು. ಒಬ್ಬ ಹುಡುಗ ಒಳಗಿನಿಂದ ನುಗ್ಗಿ ಮುಂದೆ ಹೋದ. ಮುಂದಿನ ಸುತ್ತಿನಲ್ಲೂ ಅದೇ ತಿರುವು, ಮತ್ತೆ ಬೇಲಿಯ ಕಡೆ ತಲೆ, ಮತ್ತೊಬ್ಬ ಮುಂದೆ. ಪ್ರತಿ ಸುತ್ತಿನಲ್ಲೂ ನೋಡಿದಳು. ಬರುವುದಿಲ್ಲ ಎಂಬ ಪತ್ರ ಅವಳೇ ಓದಿದ್ದಾಳೆ, ಆದರೂ ನೋಡಿದಳು. ಅಲ್ಲಿ ಯಾರು ಯಾರೋ ನಿಂತಿದ್ದರು.

ಮುಗಿದ ಮೇಲೆ ಕೇಳಿದೆ, "ಆ ಕಡೆ ಏನು ನೋಡ್ತಿದ್ದೆ?" "ಯಾವ ಕಡೆ?" ಎಂದಳು. ಹೆಲ್ಮೆಟ್ಟು ತೆಗೆಯಲು ತುಂಬ ಹೊತ್ತು ಬಿಡಲಿಲ್ಲ.

ರಜೆ ನೀವೇ ವಾಪಸ್ ಮಾಡಿದ್ದು ಅವಳಿಗೆ ಗೊತ್ತಿಲ್ಲ. ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಅದು ನಿಮ್ಮ ಬಾಯಿಂದ ಬರಬೇಕಾದ ಮಾತು. ನನಗೂ ಹೇಳುವುದು ಒಂದು ಬಾಕಿ ಇದೆ. ಗೇಟಿನ ಹತ್ತಿರ ಅಷ್ಟು ಜನರ ನಡುವೆ ನಾನೊಬ್ಬಳೇ ನಿಂತಿದ್ದೆ. "ಇವಳಮ್ಮನಾ ನೀವು" ಎಂದು ಪಕ್ಕದವರು ಕೇಳಿದರು. ಹೌದು ಎಂದೆ. ಅದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ನೀವಲ್ಲದೆ ಇನ್ಯಾರಿದ್ದಾರೆ ನನಗೆ.

ನಿಮ್ಮ ಮನೆಯವಳು


ನವೆಂಬರ್ ೨೭

ಇವಳೇ,

ನಿನ್ನ ಪತ್ರ ನಿನ್ನೆಯ ಲಾರಿಯಲ್ಲಿ ಬಂತು. ಡ್ರೈವರ್ ದೂರದಿಂದಲೇ ಕೈಯೆತ್ತಿ ತೋರಿಸಿದ. ಚೂಟಿಯದು ಎಂದುಕೊಂಡು ಓಡಿದೆ.

ಎಂಜಿನ್ ಕೆಟ್ಟಿರಲಿಲ್ಲ. ಎರಡೂ ಡಂಪರು ಆವತ್ತೂ ಓಡುತ್ತಿದ್ದವು, ಇವತ್ತೂ ಓಡುತ್ತಿವೆ. ರೇಸಿನ ದಿನ ನನಗೆ ಕೆಲಸವೇ ಇರಲಿಲ್ಲ. ಕೋಣೆಯಲ್ಲಿ ಮಲಗಿದ್ದೆ, ಈಗ ಗೇಟು ಬಿದ್ದಿರಬಹುದು, ಈಗ ಮುಗಿದಿರಬಹುದು ಎಂದು ಲೆಕ್ಕ ಹಾಕುತ್ತ. ಕ್ರೇನಿನವನು ಎದ್ದು ನನ್ನ ಮುಖ ನೋಡಿ, "ಯಾರಾದ್ರೂ ಹೋದ್ರಾ?" ಎಂದು ಕೇಳಿದ. ಅವನು ನನ್ನ ಜೊತೆ ಆಡಿದ ಮೊದಲ ಮಾತು ಅದು. ಇಲ್ಲ ಎಂದೆ.

ನಾನಿಲ್ಲದೆ ಎಲ್ಲ ನಡೆದುಹೋಯಿತಲ್ಲ ಎಂದು ಹೊಟ್ಟೆ ಉರಿಯಿತು. ಬೇರಿಂಗಿನ ದಿನದಿಂದಲೇ ಉರಿಯುತ್ತಿತ್ತು. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ, ಹುಡುಕಿದೆ.

ನೀನು ಬೈದದ್ದು ಸಾಲದು. ಬಂದ ಮೇಲೆ ಉಳಿದದ್ದನ್ನೂ ಬೈ. ನೀನು ಹೌದು ಎಂದದ್ದನ್ನು ಮೂರು ಸಲ ಓದಿದೆ. ನಿನ್ನ ಅಕ್ಷರ ದುಂಡಗಿದೆ. ಇಷ್ಟು ತಿಂಗಳು ಅದು ನನಗೆ ಗೊತ್ತಿರಲಿಲ್ಲ ಎಂಬುದು ನಾಚಿಕೆಗೇಡು.

ಸಾಹೇಬರನ್ನು ಕೇಳಿದೆ. ಒಮ್ಮೆ ವಾಪಸ್ ಮಾಡಿದ ರಜೆ ಫೆಬ್ರವರಿವರೆಗೆ ಸಿಗುವುದಿಲ್ಲ ಎಂದರು. ಹೋದರೆ ಮತ್ತೆ ಸೇರಿಸಿಕೊಳ್ಳುತ್ತೇವೆ ಎಂಬ ಖಾತ್ರಿ ಇಲ್ಲ ಎಂದೂ ಹೇಳಿದರು. ಸರಿ ಎಂದೆ. ಮುಂದಿನ ವಾರ ಇದೇ ಲಾರಿಯಲ್ಲಿ ಕೂತು ಹೊರಡುತ್ತೇನೆ. ಈ ಪತ್ರ ಇವತ್ತು ವಾಪಸ್ ಹೊರಡುವ ಲಾರಿಯಲ್ಲಿ ಹೋಗುತ್ತದೆ, ನನಗಿಂತ ಒಂದು ವಾರ ಮೊದಲು ನಿನ್ನ ಕೈ ಸೇರುತ್ತದೆ.

ನಿಜವನ್ನು ಅವಳಿಗೆ ನಾನೇ ಹೇಳುತ್ತೇನೆ, ಎದುರಿಗೆ ಕೂತು. ಅದನ್ನು ಪತ್ರದಲ್ಲಿ ಹೇಳುವುದು ಸರಿಯಲ್ಲ.

ನಾನು ಬರುವುದನ್ನು ಅವಳಿಗೆ ತಿಳಿಸಬೇಡ ಎಂದು ಮೇಲೆ ಒಂದು ಸಾಲು ಬರೆದು ಹೊಡೆದುಹಾಕಿದ್ದೇನೆ, ನೋಡಿರುತ್ತೀಯ. ತಿಳಿಸಿದರೆ ಕಾಯುತ್ತಾಳೆ ಎಂದು ಹೆದರಿದ್ದೆ.

ತಿಳಿಸು. ಕಾಯಲಿ.

ನಿನ್ನ ಗಂಡ